ಕಾಗದದ ಬಿದಿರು, ಕಾಡಿನ ಬಿದಿರು

(ಉಪನ್ಯಾಸದ ಲಿಖಿತ ರೂಪ)



ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ 'ನೈಂಟೀನ್ ಎಯ್ಟಿಫೋರ್' ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್ ಒಬ್ಬ ಸರ್ಕಾರಿ ನೌಕರ. ಹಳೆಯ ಪತ್ರಿಕೆಗಳಲ್ಲಿ ಅಚ್ಚಾದ ಅಂಕಿಗಳನ್ನು ಇಂದಿನ ಆಜ್ಞೆಗೆ ಹೊಂದುವಂತೆ ತಿದ್ದುವುದು ಅವನ ಉದ್ಯೋಗ. ಒಂದು ದಿನ ಅವನ ಮೇಜಿಗೆ ಬೂಟುಗಳ ಲೆಕ್ಕ ಬರುತ್ತದೆ. ತಯಾರಾಗಬೇಕೆಂದು ಅಂದಾಜಿಸಿದ್ದು 14 ಕೋಟಿ 50 ಲಕ್ಷ ಜೊತೆ. ತಯಾರಾಯಿತೆಂದು ಸಾರಿದ್ದು 6 ಕೋಟಿ 20 ಲಕ್ಷ. ವಿನ್‌ಸ್ಟನ್ ಹಳೆಯ ಅಂದಾಜನ್ನೇ 5 ಕೋಟಿ 70 ಲಕ್ಷಕ್ಕೆ ಇಳಿಸಿಬಿಡುತ್ತಾನೆ. ಅಲ್ಲಿಗೆ ಗುರಿ ಮೀರಿದ ಸಾಧನೆ! ನಿಜವಾಗಿ ಒಂದು ಜೊತೆಯಾದರೂ ತಯಾರಾಯಿತೇ ಎಂಬುದು ಯಾರಿಗೂ ತಿಳಿಯದು. ದೇಶದ ಅರ್ಧದಷ್ಟು ಜನ ಬರಿಗಾಲಿನಲ್ಲಿ ಓಡಾಡುತ್ತಿರುವುದು ಮಾತ್ರ ಎಲ್ಲರ ಕಣ್ಣೆದುರಿಗಿದೆ.

ಇಂತಹ ಕೃತಿಗಳನ್ನು ವಿಮರ್ಶಕರು 'ಡಿಸ್ಟೋಪಿಯಾ' ಎನ್ನುತ್ತಾರೆ. ಕನ್ನಡದಲ್ಲಿ ದುಃಸ್ವಪ್ನಲೋಕದ ಕಥನ ಎನ್ನಬಹುದು. ಓದುಗರ ನೆನಪಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಅವುಗಳಲ್ಲಿ ಬರುವ ಪೊಲೀಸರು, ಗೂಢಚಾರರು, ಚಿತ್ರಹಿಂಸೆಯ ಕೋಣೆಗಳು. ಆದರೆ ಕಾಳಿ ಕಣಿವೆಯಲ್ಲಿ ಕುಳಿತು ಓದುವವರಿಗೆ ಹತ್ತಿರದ್ದೆನಿಸಬೇಕಾದುದು ಈ ಬೂಟಿನ ಲೆಕ್ಕ. ಕಣ್ಣು ಕಂಡದ್ದಕ್ಕಿಂತ ಕಾಗದ ಹೇಳಿದ್ದನ್ನು ನಂಬುವ ಅಭ್ಯಾಸ ಒಮ್ಮೆ ಬೆಳೆದರೆ ಅಧಿಕಾರಕ್ಕೆ ಚಾಟಿಯ ಅಗತ್ಯವೇ ಬೀಳುವುದಿಲ್ಲ.

ಈ ಪ್ರಕಾರದ ಮುಖ್ಯ ಕೃತಿಗಳಲ್ಲಿ ಕಾಡು ಒಂದಿಲ್ಲೊಂದು ರೂಪದಲ್ಲಿ ಬಂದೇ ಬರುತ್ತದೆ. ವಿಮರ್ಶಕರು ಇದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ರಷ್ಯದ ಯೆವ್ಗೆನಿ ಜಮ್ಯಾಟಿನ್ 1920ರ ಸುಮಾರಿಗೆ ಬರೆದ 'ವೀ' ಕಾದಂಬರಿಯಲ್ಲಿ ಮನುಷ್ಯರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಊಟ, ನಿದ್ದೆ, ನಡಿಗೆ ಎಲ್ಲವೂ ವೇಳಾಪಟ್ಟಿಯಂತೆ. ನಗರದ ಸುತ್ತ ಒಂದು ಹಸಿರು ಗೋಡೆ. ಅದರಾಚೆ ಲೆಕ್ಕಕ್ಕೆ ಸಿಗದ ಕಾಡು. ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಹಸುಗೂಸುಗಳ ಮುಂದೆ ಹೂವು, ಪುಸ್ತಕಗಳನ್ನಿಟ್ಟು, ಅವು ಕೈಚಾಚಿದೊಡನೆ ಕರ್ಕಶ ಸದ್ದು ಮಾಡಿ ವಿದ್ಯುತ್ತಿನ ಆಘಾತ ಕೊಡುತ್ತಾರೆ. ಹೂವನ್ನು ಪ್ರೀತಿಸುವವನಿಂದ ಕಾರ್ಖಾನೆಗೆ ಲಾಭವಿಲ್ಲ ಎಂಬುದು ಕಾರಣ. ಆರ್ವೆಲ್‌ನ ಜನ ಹೆದರಿ ವಿಧೇಯರಾದರೆ ಹಕ್ಸ್‌ಲಿಯ ಜನ ಸುಖವಾಗಿದ್ದೇ ವಿಧೇಯರು. 'ಅನಿಮಲ್ ಫಾರ್ಮ್' (1945) ಕಥೆಯ ಬಾಕ್ಸರ್ ಎಂಬ ಕುದುರೆಗೆ ಭಯವೂ ಇಲ್ಲ, ಸುಖವೂ ಇಲ್ಲ. ನಾಯಕ ಹೇಳಿದ್ದು ಸರಿಯಿದ್ದೇ ಇರುತ್ತದೆಂದು ನಂಬಿ ದುಡಿಯುತ್ತದೆ. ಬಿದ್ದ ದಿನ ಅದನ್ನು ಕಟುಕನಿಗೆ ಮಾರಲಾಗುತ್ತದೆ. ಈ ಮೂರರಲ್ಲಿ ಮಲೆನಾಡಿಗೆ ಹೆಚ್ಚು ಪರಿಚಿತವಾದ ಜೀವ ಬಾಕ್ಸರನದೇ.

ಇನ್ನು ಬಿದಿರಿನ ವಿಷಯ. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಉತ್ತರ ಕನ್ನಡದ ಬಿದಿರನ್ನು ನಂಬಿಯೇ ಅದು ಅಲ್ಲಿಗೆ ಬಂದಿತು. ಕಾಡಿನಲ್ಲಿ ಬಿದಿರೆಷ್ಟಿದೆ, ವರ್ಷಕ್ಕೆ ಎಷ್ಟು ಕಡಿದರೆ ಮತ್ತೆ ಚಿಗುರೀತು ಎಂಬ ಲೆಕ್ಕ ಅರಣ್ಯ ಇಲಾಖೆಯ ಕಾರ್ಯಯೋಜನೆಗಳಲ್ಲಿ ಸಿದ್ಧವಾಗಿತ್ತು. ಗಿರಣಿಗೆ ಗೊತ್ತುಮಾಡಿದ ದರ ಆರಂಭದಲ್ಲಿ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ತೆರಬೇಕಾಗಿದ್ದ ಬೆಲೆ ಇದರ ನೂರಾರು ಪಟ್ಟು. 1970ರ ದಶಕದ ಹೊತ್ತಿಗೆ ಮೆಳೆಗಳು ಬರಿದಾಗತೊಡಗಿದವು, ಮೇದಾರರ ಕೂಗು ಎದ್ದಿತು. 1975ರಲ್ಲಿ ರಾಜ್ಯ ಸರ್ಕಾರ ಈ ಬಗ್ಗೆ ಅಧ್ಯಯನ ನಡೆಸುವಂತೆ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿಕೊಂಡಿತು.

ಗಾಡ್ಗೀಳರೂ ಸಂಗಡಿಗರೂ ಕಾಡಿನಲ್ಲಿ ನಡೆದು ಎಣಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಮೊದಲನೆಯದು, ಕಾಗದದ ಮೇಲಿದ್ದ ಬಿದಿರು ಕಾಡಿನಲ್ಲಿದ್ದ ಬಿದಿರಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಆರ್ವೆಲ್‌ನ ಬೂಟುಗಳಂತೆ ಅವು ಬರೆದಲ್ಲಿ ಮಾತ್ರ ಬೆಳೆದಿದ್ದವು. ಎರಡನೆಯದು ಇನ್ನೂ ಆಲೋಚನೆಗೆ ಹಚ್ಚುವಂಥದು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಂತಾಗಿರುತ್ತವೆ. ಅವು ಗಳಗಳನ್ನು ಒತ್ತೊತ್ತಾಗಿಸಿ ಬೆಳವಣಿಗೆಗೆ ಅಡ್ಡಿಯಾಗುತ್ತವೆ, ಆದ್ದರಿಂದ ಕಡಿಯುವಾಗ ಸವರಿ ಚೊಕ್ಕಟ ಮಾಡಬೇಕು ಎಂಬುದು ಅರಣ್ಯಶಾಸ್ತ್ರದ ವಿಧಿ. ಅದರಂತೆ ಮುಳ್ಳನ್ನು ಸವರಲಾಯಿತು. ಹಳ್ಳಿಗರು ಮಾತ್ರ ಇದು ತಪ್ಪು ಎನ್ನುತ್ತಿದ್ದರು. ಮಳೆ ಹಿಡಿದೊಡನೆ ಬುಡದಿಂದ ಮೇಲೇಳುವ ಕಳಲೆಗೆ ಆ ಮುಳ್ಳೇ ಕಾವಲು. ಅದನ್ನು ತೆಗೆದರೆ ದನವೂ ಕಾಡುಪ್ರಾಣಿಗಳೂ ಎಳೆಯ ಕಳಲೆಯನ್ನು ತಿಂದು ಮುಗಿಸುತ್ತವೆ. ಹೊಸ ಗಳವೇ ಇಲ್ಲದ ಮೆಳೆ ಎಷ್ಟು ವರ್ಷ ಬದುಕೀತು? ಕೆಲವು ವರ್ಷಗಳ ಅಳತೆ, ಎಣಿಕೆಯ ಬಳಿಕ ಗಾಡ್ಗೀಳರು ಹಳ್ಳಿಗರ ಮಾತೇ ಸರಿ ಎಂದು ಕಂಡುಕೊಂಡರು.

ಇಲ್ಲಿ ದುಷ್ಟರನ್ನು ಹುಡುಕಹೊರಟರೆ ನಿರಾಸೆಯಾಗುತ್ತದೆ. ಆ ವಿಧಿಯನ್ನು ಬರೆದವರು ಬಿದಿರು ಚೆನ್ನಾಗಿ ಬೆಳೆಯಲೆಂದೇ ಬರೆದರು. ಕತ್ತಿ ಹಿಡಿದು ಮುಳ್ಳು ಸವರಿದ ಕೂಲಿಯವನಿಗೆ ಕಳಲೆಯ ಗತಿ ಬಹುಶಃ ತಿಳಿದೇ ಇತ್ತು. ಆದರೆ ಅವನ ತಿಳುವಳಿಕೆಯನ್ನು ಬರೆದುಕೊಳ್ಳಲು ಯಾವ ನಮೂನೆಯಲ್ಲಿಯೂ ಜಾಗವಿರಲಿಲ್ಲ. ಗಿರಿೀಶ ಕಾರ್ನಾಡರ 'ತುಘಲಕ್' (1964) ನಾಟಕದ ದೊರೆಯೂ ಪ್ರಜೆಗಳ ಹಿತವನ್ನೇ ಕನಸಿ ಅವರನ್ನು ದೆಹಲಿಯಿಂದ ದೌಲತಾಬಾದಿಗೆ ನಡೆಸಿದನು. ಕೃಷಿ ವಿಜ್ಞಾನವೂ ಈ ದೋಷದಿಂದ ಹೊರತಲ್ಲ. ಎಲ್ಲ ಹೊಲಕ್ಕೂ ಒಂದೇ ಬೇಸಾಯ ಕೈಪಿಡಿ ಹಂಚುವ ಶಾಸ್ತ್ರಕ್ಕೆ ಜೋಯಿಡಾದ ಕುಣಬಿಗಳ ಹಿತ್ತಿಲಿನ ಬಗೆಬಗೆಯ ಗೆಡ್ಡೆಗೆಣಸುಗಳು ಕಣ್ಣಿಗೆ ಬೀಳಲು ಬಹುಕಾಲ ಬೇಕಾಯಿತು.

ಕಾಗದದ ಶಕ್ತಿ ಅಂಕಿಗಳಲ್ಲಿ ಮಾತ್ರ ಇರುವುದಿಲ್ಲ, ಪದಗಳಲ್ಲಿಯೂ ಇರುತ್ತದೆ. ಬಿದಿರು ಸಸ್ಯಶಾಸ್ತ್ರದ ಪ್ರಕಾರ ಹುಲ್ಲು. 1927ರ ಭಾರತೀಯ ಅರಣ್ಯ ಕಾಯಿದೆ ಅದನ್ನು ಮರ ಎಂದು ಕರೆಯಿತು. ಹುಲ್ಲು ಕೊಯ್ಯುವುದು ಬದುಕು, ಮರ ಕಡಿಯುವುದು ಅಪರಾಧ. ಒಂದು ಪದ ಬುಟ್ಟಿ ಹೆಣೆಯುವವನನ್ನು ಕಳ್ಳನನ್ನಾಗಿಸಬಲ್ಲದು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದಿತು. 1927ರ ಕಾಯಿದೆಯ ವ್ಯಾಖ್ಯೆಯಿಂದ ಅದು ಬಿಟ್ಟುಹೋದದ್ದು 2017ರಲ್ಲಿ. ಹುಲ್ಲು ಕಾಗದದ ಮೇಲೆ ಮತ್ತೆ ಹುಲ್ಲಾಗಲು 90 ವರ್ಷ! ಹುಲಿ ಸಂರಕ್ಷಿತ ಪ್ರದೇಶಗಳಿಂದ ಜನರನ್ನು ಹೊರತರುವಾಗ ಬಳಸುವ 'ಸ್ವಯಂಪ್ರೇರಿತ' ಎಂಬ ಪದವನ್ನೂ ಹೀಗೆಯೇ ತಿರುಗಿಸಿ ನೋಡಬೇಕು. ಶಾಲೆ, ಆಸ್ಪತ್ರೆ, ರಸ್ತೆಗಾಗಿ ಮನಸಾರೆ ಹೊರಡುವ ಕುಟುಂಬಗಳೂ ಇರಬಹುದು. ಆದರೆ ರಸ್ತೆ, ವಿದ್ಯುತ್ತು ಯಾವುದೂ ಬಾರದ ಊರಿನಲ್ಲಿ ದಶಕಗಳ ಕಾಲ ಕಾದವನ ಒಪ್ಪಿಗೆಗೆ ಆ ಪದ ಒಪ್ಪುತ್ತದೆಯೇ? ಸೂಪಾದವರಿಗಂತೂ ಅಷ್ಟು ನಯವಾದ ಪದವೂ ಸಿಗಲಿಲ್ಲ. ಅಣೆಕಟ್ಟಿನ ಹಿನ್ನೀರು ಪೇಟೆಯನ್ನು ಮುಳುಗಿಸಿತು, ಜನ ರಾಮನಗರಕ್ಕೆ ಹೋದರು, ತಾಲ್ಲೂಕು ಜೋಯಿಡಾ ಎಂಬ ಹೆಸರಿನಲ್ಲಿ ಉಳಿಯಿತು.

ಆಜ್ಞೆ ಕೊಟ್ಟವರ ಎದುರು ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಿಂದ ಪ್ರಯೋಗ ಮಾಡಿ ನೋಡಿದರು. ತಪ್ಪು ಉತ್ತರ ಕೊಟ್ಟವನಿಗೆ ವಿದ್ಯುತ್ ಆಘಾತ ಹೆಚ್ಚಿಸುತ್ತ ಹೋಗಬೇಕೆಂಬುದು ಆಜ್ಞೆ. ನಿಜವಾಗಿ ವಿದ್ಯುತ್ತೇ ಇರಲಿಲ್ಲ, ಅದು ಒತ್ತುವವರಿಗೆ ಗೊತ್ತಿರಲಿಲ್ಲ. 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೂ ಒತ್ತಿದರು. ನರಳುವವನು ಅದೇ ಕೋಣೆಯಲ್ಲಿದ್ದಾಗ ಕೊನೆ ಮುಟ್ಟಿದವರು 16. ಜೊತೆಗೆ ಕುಳಿತ ಇಬ್ಬರು ನಡುವೆ ಎದ್ದು ಒಲ್ಲೆವೆಂದಾಗ ಉಳಿದವರು ಕೇವಲ 4. ದೂರದ ಕಚೇರಿಯಲ್ಲಿ ಕುಳಿತವನಿಗೆ ಸಹಿ ಮಾಡುವುದು ಏಕೆ ಸುಲಭ, 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡಾಗ ಕೊಡಲಿಗಳು ಏಕೆ ನಿಂತವು ಎಂಬುದು ಈ ಅಂಕಿಗಳಿಂದ ಸ್ವಲ್ಪ ಅರ್ಥವಾದೀತು.

ಮುಂಡಗೋಡದಲ್ಲಿ ಇನ್ನೊಂದು ನೋಟವಿದೆ. ಊರನ್ನು ಕಳೆದುಕೊಂಡು ಬಂದ ಟಿಬೆಟನ್ನರು 1966ರಿಂದ ಅಲ್ಲಿ ನೆಲೆಸಿದ್ದಾರೆ. ಡ್ರೆಪುಂಗ್, ಗಾಡೆನ್ ಮಠಗಳು ಅಲ್ಲಿ ಮರುಹುಟ್ಟು ಪಡೆದಿವೆ. ಮಠದ ಅಂಗಳದಲ್ಲಿ ಒಬ್ಬ ಭಿಕ್ಷು ಕುಳಿತಿರುತ್ತಾನೆ, ಇನ್ನೊಬ್ಬ ಎದ್ದುನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಶಾಸ್ತ್ರದಲ್ಲಿದೆ ಎಂದಷ್ಟೇ ಹೇಳಿ ಕುಳಿತವನು ತಪ್ಪಿಸಿಕೊಳ್ಳುವಂತಿಲ್ಲ, ತರ್ಕದಿಂದ ಉತ್ತರಿಸಬೇಕು. ಗುರುವಿಗೆ ಅಷ್ಟೊಂದು ತಲೆಬಾಗುವ ಸಂಪ್ರದಾಯವೇ ಪ್ರಶ್ನಿಸುವುದನ್ನು ದಿನನಿತ್ಯದ ಪಾಠವಾಗಿಸಿಕೊಂಡಿದೆ. ಹಳಿಯಾಳದ ಯಾವುದಾದರೂ ಗ್ರಾಮಸಭೆಯಲ್ಲಿ ಕಾರ್ಯಯೋಜನೆಯನ್ನು ಹೀಗೆ ಕುಳ್ಳಿರಿಸಿ ಪ್ರಶ್ನಿಸುವುದನ್ನು ಊಹಿಸಿಕೊಳ್ಳಬಹುದು.

ಅದು ಬರಿಯ ಊಹೆಯೂ ಅಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮದಲ್ಲಿ ಯಾವ ನಿರ್ಧಾರವನ್ನಾದರೂ ಎಲ್ಲರೂ ಒಪ್ಪುವವರೆಗೆ ಚರ್ಚಿಸುತ್ತಾರೆ. 2011ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಆ ಊರಿಗೆ ಬಂದು ಬಿದಿರು ಸಾಗಣೆಯ ಪರವಾನಗಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಒಪ್ಪಿಸಿದರು. ಅಂದಿನಿಂದ ಅಲ್ಲಿ ಬಿದಿರಿನ ಲೆಕ್ಕ ಬರೆಯುವವರು ಬಿದಿರನ್ನು ದಿನವೂ ಕಾಣುವವರೇ. ದಾಂಡೇಲಿಯ ಗಿರಣಿ ಮುಂದೆ ನೀಲಗಿರಿ ಮೊದಲಾದ ಮರಗಳತ್ತ ತಿರುಗಿಕೊಂಡಿತು. ಮೇದಾರರಿಗೆ ತಿರುಗಿಕೊಳ್ಳಲು ಬೇರೆ ಮರವಿರಲಿಲ್ಲ.