ದುಡಿಯುವ ಜೀವಕ್ಕೂ ಮುಪ್ಪುಂಟು



ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ದನಗಳ ಜಾತ್ರೆಗೋ ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಗೋ ಹೋದವರು ಒಂದು ದೃಶ್ಯವನ್ನು ತಪ್ಪದೆ ಕಂಡಿರುತ್ತಾರೆ. ಕೊಳ್ಳುವವನು ಹಳ್ಳಿಕಾರ್ ಹೋರಿಯ ಸುಳಿ ನೋಡುತ್ತಾನೆ, ನಡಿಗೆ ನೋಡುತ್ತಾನೆ, ಕಡೆಗೆ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಮೂಡಿದ್ದರೆ ಸುಮಾರು ಎರಡೂವರೆ ವರ್ಷ. ಬಳಿಕ ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದು ಬಾಯಿ ಕೂಡಿದರೆ ಐದರ ಆಸುಪಾಸು. ಅಲ್ಲಿಗೆ ಹಲ್ಲಿನ ಲೆಕ್ಕ ಮುಗಿಯುತ್ತದೆ. ಅನಂತರವೂ ಎತ್ತು ಎಷ್ಟೋ ವರ್ಷ ನೇಗಿಲು ಎಳೆಯುತ್ತದೆ, ಗಾಡಿ ಎಳೆಯುತ್ತದೆ. ಆ ವರ್ಷಗಳಲ್ಲಿ ಅದರ ದೇಹದೊಳಗೆ ಏನು ಕಳೆಯಿತು, ಏನು ಉಳಿಯಿತು ಎಂಬುದಕ್ಕೆ ಹಲ್ಲಿನ ಸವೆತದ ಹೊರತು ಬೇರೆ ಬರಹವಿಲ್ಲ. ಹರೆಯಕ್ಕೆ ಅಳತೆಯುಂಟು, ಮುಪ್ಪಿಗೆ ಇಲ್ಲ. ಇಂದಿನ ಮಾತಿಗೆ ಈ ಕೊರತೆಯೇ ವಿಷಯ.

ದುಡಿಯುವ ಪ್ರಾಣಿಯ ಮುಪ್ಪನ್ನು ಶ್ರದ್ಧೆಯಿಂದ ಅಳೆದ ಒಂದು ಉದಾಹರಣೆ ದೂರದ ಕಡಲಿನಿಂದ ಬಂದಿದೆ. ಅಮೆರಿಕದ ನೌಕಾಪಡೆಯು ಸುಮಾರು 1960ರಿಂದ ಡಾಲ್ಫಿನ್‌ಗಳನ್ನು ಸಾಕಿ, ನೀರಿನಡಿಯ ಸಿಡಿಗುಂಡುಗಳನ್ನೂ ಕಳೆದುಹೋದ ವಸ್ತುಗಳನ್ನೂ ಹುಡುಕಲು ಪಳಗಿಸಿತು. ಕಡಲಿನ ಜೀವಿಯನ್ನು ಸೈನ್ಯದ ಕೆಲಸಕ್ಕೆ ಹಚ್ಚಿದ್ದು ಸರಿಯೇ ಎಂಬ ಪ್ರಶ್ನೆ ಬೇರೆಯೇ ಇದೆ, ಅದನ್ನು ಮರೆಯಬಾರದು. ಆದರೆ ಅಲ್ಲಿನ ವೈದ್ಯರು ಪ್ರತಿಯೊಂದು ಡಾಲ್ಫಿನ್ನಿನ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿ ಬರೆದಿಟ್ಟರು. 25 ವರ್ಷಗಳ ಅವಧಿಯಲ್ಲಿ 144 ಡಾಲ್ಫಿನ್‌ಗಳಿಂದ ಸಂಗ್ರಹವಾದ ಆ ದಾಖಲೆಯನ್ನು ಆಧರಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಒಂದೇ ಬಗೆಯ ಆಹಾರ, ಒಂದೇ ಕಡಲು, ಒಂದೇ ಆರೈಕೆಯಿದ್ದರೂ ಕೆಲವು ಡಾಲ್ಫಿನ್‌ಗಳು ಬೇಗನೆ ಮುಪ್ಪಾಗುತ್ತವೆ, ಕೆಲವು ನಿಧಾನವಾಗಿ ಮುಪ್ಪಾಗುತ್ತವೆ ಎಂಬುದು ಅದರ ಸಾರ. ಹಿಮೋಗ್ಲೋಬಿನ್ ಮೊದಲಾದ ರಕ್ತದ ನಾಲ್ಕು ಅಂಶಗಳ ಇಳಿಕೆಯಲ್ಲಿ ಆ ವ್ಯತ್ಯಾಸ ಕಾಣಿಸಿಕೊಂಡಿತ್ತು. ವಯಸ್ಸು ಬೇರೆ, ಮುಪ್ಪು ಬೇರೆ ಎಂಬುದನ್ನು ತೋರಿಸಿಕೊಟ್ಟದ್ದು ಬಿಡದೆ ಬರೆದಿಟ್ಟ ಪುಸ್ತಕ.

ದುಡಿಯುವ ಪ್ರಾಣಿಯ ಲೆಕ್ಕ ಇಡುವುದು ಈ ಸೀಮೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯೇ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟನು. ಹೈದರನ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಹಳ್ಳಿಕಾರ್ ಮೂಲದ ಈ ಎತ್ತುಗಳೇ. 1799ರಲ್ಲಿ ಪಟ್ಟಣ ಬಿದ್ದಾಗ ಇಂಗ್ಲಿಷರು ಕೋಟೆಯೊಂದಿಗೆ ಆ ದನಗಳನ್ನೂ ವಶಪಡಿಸಿಕೊಂಡರು. 1860ರಲ್ಲಿ ಮಂದೆಯನ್ನು ಮಾರಿಬಿಟ್ಟು, ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟತೊಡಗಿದರು. ಅಂದು ಮಂದೆಗೆ ಕಾವಲುಗಳಿದ್ದವು, ಲೆಕ್ಕವಿತ್ತು. ಆದರೆ ಆ ಲೆಕ್ಕವೆಲ್ಲ ಎತ್ತಿನ ಬಲದ ಲೆಕ್ಕವಾಗಿತ್ತು.

ಬಲ ತಗ್ಗಿದ ಮೇಲೂ ದುಡಿಸಿದರೆ ಏನಾಗಬಹುದೆಂಬುದನ್ನು ಮೈಸೂರು ದಸರಾ ಆನೆ ಅರ್ಜುನನ ಕಥೆ ಹೇಳುತ್ತದೆ. 2012ರಿಂದ 2019ರವರೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಅರ್ಜುನ ಹೊತ್ತಿತು. 60 ವರ್ಷ ದಾಟಿದ ಆನೆಗೆ ಆ ಭಾರ ಸಲ್ಲದೆಂದು 2020ರಿಂದ ಅಭಿಮನ್ಯುವಿಗೆ ಆ ಹೊಣೆ ಬಂದಿತು. ಆದರೆ ಅರ್ಜುನನಿಗೆ ಬಿಡುವು ದೊರೆತದ್ದು ಅಂಬಾರಿಯಿಂದ ಮಾತ್ರ, ದುಡಿಮೆಯಿಂದಲ್ಲ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಒಯ್ಯಲ್ಪಟ್ಟ ಅದು ಕಾಡಾನೆಯೊಡನೆ ಕಾದಾಡಿ ಮಡಿಯಿತು. ನಾಡೇ ಮರುಗಿತು. ನಾಡು ಬಲ್ಲ ಆನೆಯ ಮುಪ್ಪಿಗೇ ಈ ಗತಿಯಾದರೆ, ಹೆಸರಿಲ್ಲದ ಎತ್ತಿನ ಮುಪ್ಪನ್ನು ಕೇಳುವವರಾರು?

ನಾಲ್ಕು ತಾಲ್ಲೂಕುಗಳಲ್ಲಿ ಎತ್ತಿನ ದುಡಿಮೆ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆ ಬಯಲಿನಲ್ಲಿ ಕೆಸರುಗದ್ದೆಯ ಉಳುಮೆ ಮತ್ತು ಕಬ್ಬಿನ ಗಾಡಿ. ನಾಗಮಂಗಲದ ಬೆದ್ದಲಿನಲ್ಲಿ ರಾಗಿ, ಹುರುಳಿಯ ಹೊಲದ ಉಳುಮೆ, ಕುಂಟೆ. ಗದ್ದೆಯ ಎತ್ತಿಗೆ ಭತ್ತದ ಹುಲ್ಲು, ಬೆದ್ದಲಿನ ಎತ್ತಿಗೆ ಅದಕ್ಕಿಂತ ಸತ್ತ್ವವುಳ್ಳ ರಾಗಿ ಹುಲ್ಲು. ಕೆಸರಿನಲ್ಲಿ ಗೊರಸು ಮೆತ್ತಗಾಗುತ್ತದೆ, ಡಾಂಬರು ರಸ್ತೆಯಲ್ಲಿ ಸವೆಯುತ್ತದೆ. ನೊಗ ಸರಿಯಿಲ್ಲದಿದ್ದರೆ ಹೆಗಲು ಊದಿ ಹುಣ್ಣಾಗುತ್ತದೆ. ಕೊಂಬಿನ ಕ್ಯಾನ್ಸರ್ ಎಂಬ ರೋಗವು ಭಾರತದ ದುಡಿಯುವ ಎತ್ತುಗಳಲ್ಲಿ ವಿಶೇಷವಾಗಿ ಕಾಣುವಂಥದು. ಎತ್ತು ತಲೆ ಕೊಡಹುವುದು, ಕೊಂಬನ್ನು ಕಂಬಕ್ಕೆ ಉಜ್ಜುವುದು, ಒಂದೇ ಹೊಳ್ಳೆಯಿಂದ ರಕ್ತ ಒಸರುವುದು, ಕೊಂಬು ಒಂದು ಕಡೆಗೆ ವಾಲುವುದು ಅದರ ಲಕ್ಷಣಗಳು. ಆರಂಭದಲ್ಲೇ ಗುರುತಿಸಿದರೆ ಪಶುವೈದ್ಯರು ಶಸ್ತ್ರಚಿಕಿತ್ಸೆಯಿಂದ ಎತ್ತನ್ನು ಉಳಿಸಬಲ್ಲರು. 'ವಯಸ್ಸಾಯಿತು' ಎಂಬ ಒಂದೇ ಮಾತಿನಲ್ಲಿ ಇಂಥ ಎಷ್ಟೋ ರೋಗಗಳು ಮರೆಯಾಗಿಬಿಡುತ್ತವೆ.

ದುಡಿಮೆಗೆ ಮಿತಿಯನ್ನು ಹೇಳುವ ನಿಯಮಗಳು 1965ರಿಂದಲೂ ಇವೆ. ಭಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಕೂಡದು, ಬಿಡುವಿಲ್ಲದೆ 5 ಗಂಟೆ ಮೀರಕೂಡದು, ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು. ಇಳಿವಯಸ್ಸಿನ ಎತ್ತಿಗೆ ಈ ಮಿತಿಯೂ ಹೆಚ್ಚೇ.

ಇನ್ನು ಮುಪ್ಪಾದ ಮೇಲಿನ ಮಾತು. 1964ರ ರಾಜ್ಯ ಕಾಯಿದೆಯಲ್ಲಿ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಲು ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಎತ್ತಿನ ಮಟ್ಟಿಗೆ ಅದನ್ನು ತೆಗೆದುಹಾಕಿತು. ಈ ಕಾಯಿದೆಯ ಬಗ್ಗೆ ಹಳ್ಳಿಗಳಲ್ಲಿ ಎರಡು ಅಭಿಪ್ರಾಯಗಳಿವೆ. ಆದರೆ ಯಾರೂ ಅಲ್ಲಗಳೆಯಲಾಗದ ಸಂಗತಿಯೊಂದಿದೆ: ಮುದಿ ಎತ್ತು ಕೊಟ್ಟಿಗೆಯಲ್ಲೇ ಉಳಿಯುವುದಾದರೆ ಅದರ ಮೇವು, ಔಷಧಗಳ ಭಾರ ಬೀಳುವುದು ಸಣ್ಣ ಹಿಡುವಳಿಯ ಮನೆಯ ಮೇಲೆ. ಟ್ರ್ಯಾಕ್ಟರಿನ ಬಾಡಿಗೆಯನ್ನೂ ತೆತ್ತು ದುಡಿಯದ ಜೋಡಿಯನ್ನೂ ಸಾಕುವುದು ಸುಲಭದ ಮಾತಲ್ಲ. ದುಡಿಮೆಯ ಫಲವನ್ನು ಊರೆಲ್ಲ ಉಂಡ ಮೇಲೆ ಮುಪ್ಪಿನ ಹೊರೆಯನ್ನು ಒಬ್ಬನ ಹೆಗಲಿಗೇ ಬಿಡುವುದು ನ್ಯಾಯವಲ್ಲ.

ಇಲ್ಲಿಯೇ ಬೆಟ್ಟದ ಪ್ರಶ್ನೆ ಬಂದು ಸೇರುತ್ತದೆ. ಮುದಿ ಎತ್ತಿಗೆ ಬೇಕಾದುದು ಹಿಂಡಿಗಿಂತ ಮೊದಲು ಮೇಯಲು ನೆಲ, ಕುಡಿಯಲು ಕಟ್ಟೆ. ಅಮೃತ ಮಹಲ್ ಕಾವಲೆಂದು ದಾಖಲೆಯಲ್ಲಿ ಹೆಸರಾದ ಬೇಬಿಬೆಟ್ಟದ ನೆಲದಲ್ಲಿ ವರ್ಷಗಟ್ಟಲೆ ಕಲ್ಲುಗಣಿಗಾರಿಕೆ ನಡೆಯಿತು. 2024ರ ಜನವರಿಯಲ್ಲಿ ಹೈಕೋರ್ಟು ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಅಣೆಕಟ್ಟೆಯ ಸುರಕ್ಷತೆಗಾಗಿ ಬಂದ ಈ ಆದೇಶ ಹುಲ್ಲಿಗೂ ಒಂದು ಅವಕಾಶವನ್ನು ತೆರೆದಿದೆ. ಎತ್ತಿನ ಜಾತ್ರೆ ನೆರೆಯುವ ಬೆಟ್ಟದಲ್ಲೇ ಎತ್ತಿಗೆ ಹುಲ್ಲಿಲ್ಲದಂತಾದರೆ ಆ ಜಾತ್ರೆಗೆ ಅರ್ಥವೇನು?

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ಊರಿನ ಪ್ರತಿಯೊಂದು ಎತ್ತಿಗೂ ಒಂದು ಪುಟ. ಕಿವಿಯ ಓಲೆಯಲ್ಲಿರುವ 12 ಅಂಕಿಯ ಸಂಖ್ಯೆ, ಹಲ್ಲು, ಹೆಗಲು, ಗೊರಸು, ಕೊಂಬುಗಳ ಸ್ಥಿತಿ, ದಿನಕ್ಕೆ ಹೂಡಿದ ಗಂಟೆಗಳು, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನ. ತೂಕಕ್ಕೆ ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಂಗುಲದಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 66, ಉದ್ದ 52 ಅಂಗುಲವಾದರೆ ತೂಕ ಸುಮಾರು 343 ಕಿಲೋ. ತಿಂಗಳಿಗೊಮ್ಮೆ ಇದನ್ನು ಬರೆದರೆ, ಯಾವ ಎತ್ತು ಕರಗುತ್ತಿದೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಪುಟದಲ್ಲಿ ಕಾಣುತ್ತದೆ. ಅಂಥ ಎತ್ತನ್ನು ಪಶುವೈದ್ಯರಲ್ಲಿಗೆ ಒಯ್ದು ರಕ್ತಪರೀಕ್ಷೆ ಮಾಡಿಸಬೇಕು.

ಎರಡು ಮೂರು ವರ್ಷ ಇದನ್ನು ಬಿಡದೆ ನಡೆಸಿದರೆ ನಾಗಮಂಗಲದ ಬೆದ್ದಲಿನ ಎತ್ತಿಗೂ ಶ್ರೀರಂಗಪಟ್ಟಣದ ಗದ್ದೆಯ ಎತ್ತಿಗೂ ಮುಪ್ಪು ಒಂದೇ ರೀತಿ ಬರುತ್ತದೆಯೇ ಎಂದು ಹೇಳಬಲ್ಲ ದಾಖಲೆ ಕೈಗೆ ಬರುತ್ತದೆ. ಕಾವಲನ್ನು ದನಗಳಿಗೆ ಮರಳಿ ಬಿಡಿರೆಂದು, ಮುದಿ ಎತ್ತು ಸಾಕುವ ಮನೆಗೆ ನೆರವು ನೀಡಿರೆಂದು ಪಂಚಾಯಿತಿಯ ಮುಂದೆ ಕೇಳುವಾಗ ಆ ಪುಸ್ತಕವೇ ಸಾಕ್ಷಿ. ಎತ್ತಿಗೆ ಅರ್ಜಿ ಬರೆಯಲು ಬರುವುದಿಲ್ಲ. ಅದು ಉತ್ತ ಹೊಲದ ಅನ್ನ ಉಂಡು ಅಕ್ಷರ ಕಲಿತವರು ಅದರ ಪರವಾಗಿ ಬರೆಯಲಿ.