ಬಂಡೆ ಸವೆಯುವ ಲೆಕ್ಕ: ಹಿಮಾಲಯದಿಂದ ಕೋಲಾರದವರೆಗೆ

(ವೇಮಗಲ್‌ನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶತಶೃಂಗದ ಬಂಡೆಗಳನ್ನು ನೋಡುತ್ತ ಬೆಳೆದ ನಮಗೆ ಕಲ್ಲೆಂದರೆ ಅಚಲವಾದುದು. ಆದರೆ 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ರೋಂಟಿ ಶಿಖರದ ಕಡಿದಾದ ಮೈಯಿಂದ ಸುಮಾರು 2.7 ಕೋಟಿ ಘನಮೀಟರ್ ಬಂಡೆ ಮತ್ತು ಹಿಮ ಕಳಚಿ ಬಿದ್ದಿತು. ಇನ್ನೂರಕ್ಕೂ ಹೆಚ್ಚು ಜನ ಮೃತರಾದರು ಅಥವಾ ಕಾಣೆಯಾದರು. ಅಂಥ ಇಳಿಜಾರುಗಳು ಎಷ್ಟು ವೇಗವಾಗಿ ಸವೆಯುತ್ತವೆಂದು ತಿಳಿಯುವುದು ಜೀವನ್ಮರಣದ ಪ್ರಶ್ನೆ.

ಆ ಗೋಡೆಗಳನ್ನು ಹತ್ತಿ ಅಳೆಯುವುದು ದುಸ್ಸಾಧ್ಯ. ಆದರೆ ಉದುರಿದ ಕಲ್ಲನ್ನು ಹಿಮನದಿಯೇ ಹೊತ್ತು ಕೆಳಗೆ ತರುತ್ತದೆ. ಆ ಮರಳಿನ ಬೆಣಚುಕಲ್ಲಿನಲ್ಲಿ ಬೆರಿಲಿಯಂ-10 ಎಂಬ ಅಪರೂಪದ ಪರಮಾಣುಗಳಿರುತ್ತವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಬಂಡೆಯ ಮೇಲ್ಪದರಕ್ಕೆ ಬಡಿದಾಗ ಅವು ಹುಟ್ಟುತ್ತವೆ. ಬಿಸಿಲಲ್ಲಿ ದುಡಿದವನ ತೋಳು ಕಪ್ಪಾಗುವಂತೆ, ಮೇಲ್ಪದರದಲ್ಲಿ ಬಹುಕಾಲ ಉಳಿದ ಕಲ್ಲಿನಲ್ಲಿ ಅವು ಹೆಚ್ಚು. ಬೇಗನೆ ಸವೆದುಹೋಗುವ ಕಲ್ಲಿನಲ್ಲಿ ಕಡಿಮೆ. ಒಮ್ಮೆಗೇ ದೊಡ್ಡ ಬಂಡೆ ಕುಸಿದರೆ ಲೆಕ್ಕ ತಪ್ಪುವುದರಿಂದ ಹಲವೆಡೆಯ ಮರಳನ್ನು ಪರೀಕ್ಷಿಸಬೇಕು. ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯಲ್ಲಿ ಈ ಕ್ರಮದ ಅಳತೆ ನಡೆದಿದೆ. ಅಲ್ಲಿನ ಗೋಡೆಗಳು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಸವೆಯುತ್ತಿವೆ.

ಈ ವಿಧಾನದ ಸಿದ್ಧಾಂತವನ್ನು 1991ರಲ್ಲಿ ವ್ಯವಸ್ಥಿತವಾಗಿ ಮಂಡಿಸಿದವರು ಭಾರತೀಯ ವಿಜ್ಞಾನಿ ದೇವೇಂದ್ರ ಲಾಲ್. ಅವರು ಮೊದಲು ದುಡಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೇ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ವಿಶ್ವಕಿರಣಗಳನ್ನು ಅಧ್ಯಯನ ಮಾಡಿದರು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದಲ್ಲಿ ಈ ಕಾರ್ಯವನ್ನು ಆರಂಭಿಸಿದರು. ಆಳಕ್ಕಿಳಿದಂತೆ ಕಿರಣಗಳು ಕ್ಷೀಣಿಸುತ್ತವೆ ಎಂಬುದನ್ನು ಅಲ್ಲಿ ಅಳೆಯಲಾಯಿತು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ದೊರೆಯಿತು. ಕಲ್ಲು ಕಿರಣವನ್ನು ತಡೆಯುತ್ತದೆ ಎಂಬ ಆ ನಿಯಮವೇ ಸವೆತದ ಅಳತೆಗೂ ಆಧಾರ.

ಇನ್ನು ನಮ್ಮ ಊರಿನ ಮಾತು. ಇಲ್ಲಿ ಹಿಮನದಿಯಿಲ್ಲ, ಬಂಡೆಯ ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳುವುದಿಲ್ಲ. ಪ್ರಪಂಚದ ನಾನಾ ಕಡೆಯ ಬಯಲುಬಂಡೆಗಳ ಅಳತೆಗಳನ್ನು 2011ರಲ್ಲಿ ಒಟ್ಟುಗೂಡಿಸಿದಾಗ ಬಂದ ಸರಾಸರಿ, ಹತ್ತು ಲಕ್ಷ ವರ್ಷಕ್ಕೆ ಸುಮಾರು 12 ಮೀಟರ್. ಅಂದರೆ ಒಂದು ಮೀಟರ್ ಸವೆಯಲು ಸುಮಾರು 80 ಸಾವಿರ ವರ್ಷ ಬೇಕು. ಕಲ್ಲುಗಣಿಯ ಒಂದು ಸಿಡಿತ ಅದಕ್ಕಿಂತ ಹೆಚ್ಚಿನದನ್ನು ಒಂದು ಕ್ಷಣದಲ್ಲಿ ಕೀಳುತ್ತದೆ.

ಮನೆ ಕಟ್ಟಲು ಕಲ್ಲು ಬೇಕು, ಕಲ್ಲೊಡೆಯುವವರ ಹೊಟ್ಟೆಯೂ ತುಂಬಬೇಕು, ಇದನ್ನು ಅಲ್ಲಗಳೆಯಲಾರೆವು. ಆದರೆ ಕಡಿದ ಮರದ ಬದಲು ಸಸಿ ನೆಡಬಹುದು, ಬತ್ತಿದ ಕೆರೆಯ ಹೂಳೆತ್ತಬಹುದು. ಕರಗಿದ ಬೆಟ್ಟವನ್ನು ಮರಳಿ ತರಲಾಗದು. ವಿದ್ಯಾರ್ಥಿಗಳೇ, ಪ್ರತಿವರ್ಷ ಒಂದೇ ಜಾಗದಲ್ಲಿ ನಿಂತು ನಿಮ್ಮೂರ ಬೆಟ್ಟದ ಚಿತ್ರ ತೆಗೆದು, ದಿನಾಂಕ ಬರೆದಿಡಿ. ಗ್ರಾಮಸಭೆಯಲ್ಲಿ ಬಾಯಿಮಾತಿಗಿಂತ ಆ ದಾಖಲೆಗೆ ಬೆಲೆ ಹೆಚ್ಚು.