ತೆರೆ ಮೇಲಿನ ಮುಖಕ್ಕೆ ಹೆಸರು ಬೇಡವೇ?



ಸಿಂಧನೂರಿನ ಒಂದು ಗೊಬ್ಬರದ ಅಂಗಡಿ. ಕಟ್ಟೆ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರು ಫೋನ್ ಬಾಯಿ ಹತ್ತಿರ ಹಿಡಿದು ಕೇಳ್ತಿದ್ದರು: "ಯವ್ವಾ, ನೆಲ್ಲಿಗೆ ಹುಳ ಬಿದ್ದೈತಿ, ಯಾವ ಎಣ್ಣಿ ಹೊಡೀಬೇಕು?" ತೆರೆ ಮೇಲಿನ ಗೊಂಬೆ ಹೆಣ್ಣುದನಿಯಲ್ಲಿ ಉತ್ತರ ಕೊಟ್ಟಿತು. ಅವರು, "ಛಲೋ ಆತವ್ವಾ, ಪುಣ್ಯ ಬರ್ಲಿ ನಿನಗ" ಅಂದರು. ಪಕ್ಕದ ಹುಡುಗ ನಕ್ಕ: "ತಾತಾ, ಅದು ಮಷಿನ್!" ಹಿರಿಯರ ಉತ್ತರ: "ಆದ್ರೇನಪಾ, ಮರ್ಯಾದಿಲೆ ಹೇಳ್ತಲ್ಲ."

ನಗಬೇಡಿ. ಓದಿದವರೂ ಹೀಗೇ ಮಾಡ್ತಾರೆ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝೆನ್‌ಬಾಮ್ 'ಎಲಿಝಾ' ಅನ್ನೋ ಮಾತಾಡುವ ಪ್ರೋಗ್ರಾಂ ಪ್ರಕಟಿಸಿದರು. ಅದಕ್ಕೆ ಮುಖವೂ ಇಲ್ಲ, ದನಿಯೂ ಇಲ್ಲ, ಬರೀ ಅಕ್ಷರ. ಅದನ್ನು ಅವರು ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರದೇ ಕಾರ್ಯದರ್ಶಿ, ಅದರ ಜೊತೆ ಮಾತಾಡುವಾಗ "ಸ್ವಲ್ಪ ಹೊರಗೆ ಹೋಗ್ತೀರಾ?" ಅಂತ ಅವರನ್ನೇ ಕೇಳಿದರು. ಆಮೇಲೆ ಸ್ಟ್ಯಾನ್‌ಫರ್ಡ್‌ನ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನ್ಯಾಸ್ ಪ್ರಯೋಗ ಮಾಡಿ ನೋಡಿದರು. "ನಾನು ಹೇಗೆ ಕೆಲಸ ಮಾಡಿದೆ?" ಅಂತ ಅದೇ ಕಂಪ್ಯೂಟರ್ ಕೇಳಿದರೆ ಜನ ಹೊಗಳ್ತಾರೆ, ಬೇರೆ ಕಂಪ್ಯೂಟರ್ ಕೇಳಿದರೆ ಅಷ್ಟು ಹೊಗಳಲ್ಲ! ಯಂತ್ರಕ್ಕೂ ದಾಕ್ಷಿಣ್ಯ ತೋರಿಸೋ ಜಾತಿ ನಮ್ಮದು.

ಈಗ ಅಂಥ ಮುಖಗಳು ಮನೆಯೊಳಗೇ ಬಂದಿವೆ. 2023ರ ಜುಲೈನಲ್ಲಿ ಕನ್ನಡದ ಪವರ್ ಟಿವಿ 'ಸೌಂದರ್ಯ' ಎಂಬ ಎಐ ನಿರೂಪಕಿಯನ್ನು ತಂದಿತು. 2024ರ ಮೇ 26ರಂದು ಡಿಡಿ ಕಿಸಾನ್ 'ಕ್ರಿಷ್' ಮತ್ತು 'ಭೂಮಿ'ಯನ್ನು ರೈತರ ಮುಂದೆ ನಿಲ್ಲಿಸಿತು. ನನ್ನ ಹೊಟ್ಟೆಪಾಡಿಗೆ ಕುತ್ತು ಅಂತ ಇದನ್ನು ಹೇಳ್ತಿದ್ದೇನೆ ಅಂದುಕೊಳ್ಳಬೇಡಿ. ಸ್ವಲ್ಪ ಅದೂ ಇದೆ, ಸುಳ್ಳು ಯಾಕೆ?

ಆದರೆ ದೊಡ್ಡ ಪ್ರಶ್ನೆ ಬೇರೆ. ಆ ಗೊಂಬೆ ಹೇಳಿದ ಎಣ್ಣೆ ಪ್ರಮಾಣ ತಪ್ಪಿ ಬೆಳೆ ಸುಟ್ಟರೆ ರೈತ ಯಾರ ಕೊರಳಪಟ್ಟಿ ಹಿಡಿಯಬೇಕು? ನಾನು ತಪ್ಪು ಹೇಳಿದರೆ ನೀವು ಹೆಸರು ಹಿಡಿದು ಬೈತೀರಿ, ಕೋರ್ಟಿಗೂ ಎಳೀತೀರಿ. ಅಂಗಡಿಯವನು ತಪ್ಪು ಕೊಟ್ಟರೆ ಅವನ ಅಂಗಡಿ ಅಲ್ಲೇ ಇರುತ್ತೆ. ಗೊಂಬೆಗೆ ನಗು ಇದೆ, ವಿಳಾಸ ಇಲ್ಲ.

ಪಕ್ಕದ ಮಸ್ಕಿಗೆ ಬನ್ನಿ. ಅಲ್ಲಿಯ ಬಂಡೆ ಶಾಸನ 1915ರಲ್ಲಿ ಪತ್ತೆಯಾಯಿತು. ಅದುವರೆಗೆ ಓದಿದ್ದ ಬಂಡೆ ಶಾಸನಗಳಲ್ಲಿ ಮಾತಾಡುತ್ತಿದ್ದವನು ಬರೀ ಬಿರುದಿನವ, 'ದೇವಾನಾಂಪ್ರಿಯ'. ಮಸ್ಕಿಯ ಬಂಡೆ ಮೇಲೆ ಆ ಬಿರುದಿನ ಜೊತೆ 'ಅಶೋಕ' ಅನ್ನೋ ಹೆಸರೂ ಸಿಕ್ಕಿತು. ಹೇಳಿದವನು ಯಾರು ಅನ್ನೋದು ಆಗ ಖಚಿತವಾಯಿತು. ಎರಡು ಸಾವಿರ ವರ್ಷದ ಹಿಂದಿನ ಬಂಡೆಯ ಮೇಲೆ ಹೆಸರಿದೆ, ಇವತ್ತಿನ ತೆರೆಗೆ ಯಾಕಿಲ್ಲ?

ಕೇಳುತ್ತಿರೋದು ಇಷ್ಟೇ: 'ಇದು ಯಂತ್ರ' ಅಂತ ಕಾಣುವ ಹಾಗೆ ಬರೀರಿ, ಹಿಂದಿರುವ ಕಂಪನಿಯ ಹೆಸರು ಹಾಕಿ, ತಪ್ಪಾದರೆ ಹೊಣೆ ಯಾರು ಹೇಳಿ. ರೈತರೇ, ನೀವೂ ಔಷಧ ಹೊಡೆಯೋ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲೋ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೋ ಒಂದು ಮಾತು ಕೇಳಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯವರನ್ನು ವಿಚಾರಿಸಿ, ಒಂದು ಟನ್ ಅದಿರು ಅರೆದರೆ ಸಿಗೋದು ಕೆಲವೇ ಗ್ರಾಂ ಬಂಗಾರ. ಫೋನಿನ ಮಾತನ್ನೂ ಹಾಗೇ ಅರೆದು ನೋಡಿ.

ಆ ಹಿರಿಯರ ಮರ್ಯಾದೆ ತಪ್ಪಲ್ಲ. ಆ ಮರ್ಯಾದೆಯನ್ನು ಬಂಡವಾಳ ಮಾಡಿಕೊಂಡು ಮುಖ ಮರೆಸಿ ಕೂತವರದು ತಪ್ಪು.

ಯೋಚನೆ ಮಾಡಿ.